ತಳ್ಳಿದರೆ ಒಡೆಯುವ ಅಲೆ

ನಗಿಸುವವನಿಗೆ ಸಿಟ್ಟು ಬಂದರೆ ಅದನ್ನೂ ಜನ ಇನ್ನೊಂದು ಐಟಂ ಅಂದುಕೊಳ್ಳುತ್ತಾರೆ. ನಾನು ಹಲ್ಲು ಕಚ್ಚಿ ಮಾತಾಡಿದರೆ, "ಇದು ಯಾರ್ದು ಮಿಮಿಕ್ರಿ? ಸಕ್ಕತ್ತಾಗೈತೆ" ಅನ್ನುತ್ತಾರೆ. ಇದು ನನ್ನದೇ ಕಣ್ರೋ, ಸ್ವಂತದ್ದು, ಅಂದರೆ ಇನ್ನೂ ಜೋರಾಗಿ ನಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ನನ್ನ ಮುಖ ಕಾಣುವುದಿಲ್ಲ. ಮುಖ ಹುಟ್ಟಿನಿಂದಲೇ ನಗುವ ಹಾಗಿದೆ; ಅದು ಅಪ್ಪನ ಕಡೆಯ ದವಡೆ, ನನ್ನ ತಪ್ಪಲ್ಲ.

ಸಿಟ್ಟು ಬಂದದ್ದು ಒಂದು ಅಲೆಯ ವಿಷಯಕ್ಕೆ. ಕೆರೆಯ ಅಲೆಯಲ್ಲ, ಸಮುದ್ರದ್ದೂ ಅಲ್ಲ. ನನ್ನ ಕಂಪ್ಯೂಟರಿನ ಪರದೆಯ ಮೇಲೆ ಬಿಟ್ಟರೆ ಬೇರೆಲ್ಲೂ ಕಾಣದ ಅಲೆ. ಅದು ಒಡೆದುಹೋಗುತ್ತದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ವರ್ಷಕ್ಕೂ ಮೇಲೆ ಬೈಸಿಕೊಂಡೆ.

ನಮ್ಮ ಮನೆ ಗಡಿಯಾಚೆ, ತಮಿಳುನಾಡಿನ ಹೊಸೂರಿನ ಆಲಸನತ್ತಂನಲ್ಲಿ. ಅಪ್ಪ ಮಾಲೂರು ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದು ಇಲ್ಲೇ ನೆಲೆನಿಂತವರು. ನಾನು ಕೃಷ್ಣಗಿರಿ ರಸ್ತೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದೇನೆ. ಮಗ ಏನು ಓದುತ್ತಿದ್ದಾನೆ ಅಂತ ಯಾರಾದರೂ ಕೇಳಿದರೆ ಅಮ್ಮ, "ಅದೇನೋ ಗ್ಯಾಸ್ ಬಗ್ಗೆ ಕಣಮ್ಮ" ಅನ್ನುತ್ತಾಳೆ. ಅದು ಕಿವಿಗೆ ಬಿದ್ದಂದಿನಿಂದ ಪಕ್ಕದ ಮನೆಯ ತೆಲುಗು ಆಂಟಿ ಸಿಲಿಂಡರ್ ಬರುವುದು ತಡವಾದಾಗಲೆಲ್ಲ ನನ್ನನ್ನು ವಿಚಾರಿಸುತ್ತಾರೆ.

ಆ ಗ್ಯಾಸ್ ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟಿಗೆ ಬೆಲೆ ಸಿಗುವುದಿಲ್ಲ. ಕೆಲವು ಜಾತಿಯ ಪರಮಾಣುಗಳನ್ನು ಲೇಸರಿನಿಂದ ಹಿಡಿದು, ಇನ್ನು ಇದಕ್ಕಿಂತ ತಣ್ಣಗಾಗುವುದೇ ಸಾಧ್ಯವಿಲ್ಲ ಎನ್ನುವ ಗೆರೆಯ ಹತ್ತಿರಕ್ಕೆ ತಣಿಸಿದರೆ, ಅವು ಬಿಡಿಬಿಡಿಯಾಗಿ ಅಡ್ಡಾಡುವುದನ್ನು ಬಿಟ್ಟು ಎಲ್ಲವೂ ಸೇರಿ ಒಂದೇ ಅಲೆಯಾಗಿಬಿಡುತ್ತವೆ. ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ಅದನ್ನು ನಿಜವಾಗಿ ಮಾಡುತ್ತಾರೆ. ನಾವು ಮಾಡುವುದು ಅದರ ಸಮೀಕರಣವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸ. ಫ್ಯಾನು ತಿರುಗುವುದಕ್ಕೂ ಯೋಚನೆ ಮಾಡುವ ಕೋಣೆಯಲ್ಲಿ, ಬೆನ್ನಿಗೆ ಅಂಗಿ ಅಂಟಿಸಿಕೊಂಡು, ಜಗತ್ತಿನ ಅತಿ ತಣ್ಣನೆಯ ವಸ್ತುವಿನ ಬಗ್ಗೆ ಲೆಕ್ಕ ಹಾಕುತ್ತೇವೆ.

ಇನ್ನು ಸಾಲಿಟಾನ್. ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಳಿದ ಜನರನ್ನು ನೋಡಿ. ಇಳಿದಾಗ ಒಂದೇ ಮುದ್ದೆ, ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಚದುರಿ ಚೆಲ್ಲಾಪಿಲ್ಲಿ. ಸಾಮಾನ್ಯ ಅಲೆಯ ಗತಿಯೂ ಅದೇ. ಆದರೆ ಮದುವೆಗೆ ಹೊರಟ ಒಂದು ಸಂಸಾರ ಇರುತ್ತದಲ್ಲ, ಮಕ್ಕಳು ಆ ಕಡೆ ಈ ಕಡೆ ಜಗ್ಗುತ್ತಾರೆ, ಅಜ್ಜಿ ಎಲ್ಲರ ರಟ್ಟೆ ಹಿಡಿದು ಒಳಕ್ಕೆ ಎಳೆಯುತ್ತಾಳೆ. ಜಗ್ಗುವುದೂ ಎಳೆಯುವುದೂ ಸರಿಸಮವಾದರೆ ಆ ಗುಂಪು ಗುಂಪಾಗಿಯೇ ಬಸ್ ಸ್ಟ್ಯಾಂಡ್ ದಾಟಿಹೋಗುತ್ತದೆ. ಹಾಗೆ ಚದುರದೆ ಸಾಗುವ ಒಂಟಿ ಅಲೆಯೇ ಸಾಲಿಟಾನ್. ಪರದೆಯ ಮೇಲೆ ಅದು ಒಂದು ಪುಟ್ಟ ಗುಡ್ಡದ ಹಾಗೆ ಕಾಣುತ್ತದೆ.

ನಮ್ಮ ಗೈಡ್ ಈ ಗುಡ್ಡಗಳ ಹಳೆಯ ಯಜಮಾನರು. ದೇನ್ಕನಿಕೋಟೆ ಕಡೆಯವರು, ಮನೆಯಲ್ಲಿ ಕನ್ನಡ. ಪಾಠ ಇಂಗ್ಲಿಷಿನಲ್ಲಿ, ಪ್ರಿನ್ಸಿಪಾಲರ ಜೊತೆ ತಮಿಳಿನಲ್ಲಿ, ಬೈಗುಳ ಮಾತ್ರ ಹುಟ್ಟಿದೂರಿನ ಕನ್ನಡದಲ್ಲಿ. ಪ್ರತಿ ವಾಕ್ಯಕ್ಕೂ ಮುಂಚೆ ಗಂಟಲು ಸರಿಮಾಡಿಕೊಂಡು, "ಅಂದ್ರೆ ಏನೂ?" ಅಂತ ತಮ್ಮನ್ನೇ ಕೇಳಿಕೊಂಡು, ಉತ್ತರವನ್ನೂ ತಾವೇ ಹೇಳುತ್ತಾರೆ. ವಿದ್ಯಾರ್ಥಿ ಎದುರಿಗಿದ್ದರೆ ಅದೊಂದು ಅನುಕೂಲ ಅಷ್ಟೇ.

ಅವರು ಸ್ವಂತ ಸಂಶೋಧನೆಯ ಕಾಲದಲ್ಲಿ ಬರೆದ ಒಂದು ಸಣ್ಣ ಪ್ರೋಗ್ರಾಮ್ ಇದೆ. ಅದರ ಹೆಸರು "ತಳ್ಳು". ತಮಿಳಿನವರಿಗೂ ಕನ್ನಡದವರಿಗೂ ಒಂದೇ ಮಾತಲ್ಲಿ ಅರ್ಥವಾಗಲಿ ಅಂತ ಆ ಹೆಸರು. ನಿಂತಿರುವ ಸಾಲಿಟಾನನ್ನು ಓಡಿಸಬೇಕಾದರೆ ಅದಕ್ಕೆ ಒಂದು ಗುಣಕ ಹಾಕಿ ಗುಣಿಸಿದರೆ ಸಾಕು, ಗುಡ್ಡದ ಆಕಾರ ಕೂದಲೆಳೆಯಷ್ಟೂ ಕೆಡದೆ ಹೊರಟುಬಿಡುತ್ತದೆ. ಬಸ್ಸಿನಲ್ಲಿ ಕೂತು ನೋಡಿದರೂ ನೆಲದ ಮೇಲೆ ನಿಂತು ನೋಡಿದರೂ ಪ್ರಕೃತಿಯ ನಿಯಮ ಒಂದೇ ಎನ್ನುವ ಹಳೆಯ ಸತ್ಯದ ಮೇಲೆ ನಿಂತ ಉಪಾಯ ಅದು. ಸಾದಾ ಅನಿಲದಲ್ಲಿ ನೂರಕ್ಕೆ ನೂರು ಸರಿ.

ಆಯುಧಪೂಜೆಯ ದಿನ ನಮ್ಮ ಡಿಪಾರ್ಟ್‌ಮೆಂಟಿನ ಕಂಪ್ಯೂಟರಿಗೆ ಗಂಧ, ಕುಂಕುಮ, ಚೆಂಡುಹೂವಿನ ಹಾರ. ಬೂದುಗುಂಬಳ ಒಡೆದು ಕಡ್ಲೆಪುರಿ ಹಂಚಿದ ಮೇಲೆ, ಆ ವರ್ಷ ಸೇರಿದ ವಿದ್ಯಾರ್ಥಿಯ ಪೆನ್‌ಡ್ರೈವಿಗೂ ಒಂದು ಕುಂಕುಮದ ಬೊಟ್ಟಿಟ್ಟು, ಸಾರ್ ತಮ್ಮ ಕೈಯಾರೆ "ತಳ್ಳು" ಹಾಕಿಕೊಡುತ್ತಾರೆ. "ಒಳಗೆ ಕೈ ಹಾಕ್ಬೇಡ. ಓಡ್ಸು, ಅಷ್ಟೇ" ಅನ್ನುವುದು ಆಶೀರ್ವಾದ. ನನಗೂ ಹಾಗೇ ಬಂತು. ಕುಂಕುಮ ಪೋರ್ಟಿನೊಳಕ್ಕೆ ಇಳಿದು ಪೆನ್‌ಡ್ರೈವ್ ಸತ್ತುಹೋಯಿತು, "ತಳ್ಳು" ಮಾತ್ರ ಅಷ್ಟರಲ್ಲಿ ಕಂಪ್ಯೂಟರಿಗೆ ಹೋಗಿ ಬದುಕಿಕೊಂಡಿತ್ತು.

ನನಗೆ ಕೊಟ್ಟ ಸಮಸ್ಯೆ ಸಾದಾ ಅನಿಲದ್ದಲ್ಲ. ಅದರ ಪ್ರತಿ ಪರಮಾಣುವಿಗೂ ಎರಡು ಒಳಸ್ಥಿತಿ. ಮೇಲ್‌ಸ್ಪಿನ್, ಕೆಳಸ್ಪಿನ್ ಅಂತ ಕರೆಯೋಣ. ಲೇಸರುಗಳನ್ನು ಹಾಕಿ ಈ ಸ್ಪಿನ್ನನ್ನು ಪರಮಾಣುವಿನ ಓಟಕ್ಕೇ ಗಂಟು ಹಾಕುತ್ತಾರೆ. ಈ ಕಡೆ ಓಡಿದರೆ ಮೇಲ್‌ಸ್ಪಿನ್ ಇಷ್ಟ, ಆ ಕಡೆ ಓಡಿದರೆ ಕೆಳಸ್ಪಿನ್ ಇಷ್ಟ. ಆ ಗಂಟಿಗೆ ಸ್ಪಿನ್-ಆರ್ಬಿಟ್ ಕಪ್ಲಿಂಗ್ ಎನ್ನುತ್ತಾರೆ. ಇಂಥ ಅನಿಲದಲ್ಲಿ ಸಾಲಿಟಾನ್ ಹೇಗೆ ಓಡುತ್ತದೆ ಅನ್ನುವುದು ನನ್ನ ಥೀಸಿಸ್ಸಿನ ಮುಖ್ಯ ಅಧ್ಯಾಯ.

ಓಡಲಿಲ್ಲ. ನಿಂತಿದ್ದಾಗ ಎರಡು ಸ್ಪಿನ್ನೂ ಸಮಪಾಲಿನಲ್ಲಿ ಚೆನ್ನಾಗಿ ಕೂತಿದ್ದ ಗುಡ್ಡ, "ತಳ್ಳು" ಹಾಕಿದ ಮೇಲೆ ಸ್ವಲ್ಪ ದೂರ ಹೋಗಿ ನಡುಗಿತು, ಇಬ್ಭಾಗವಾಯಿತು, ಸುತ್ತ ಚೂರುಚೂರು ಅಲೆ ಚೆಲ್ಲಿಕೊಂಡು ಮಣ್ಣುಪಾಲಾಯಿತು. ಸಾರ್‌ಗೆ ತೋರಿಸಿದೆ.

"ಏನ್ಲಾ ಮಾಡ್ಬುಟ್ಟೆ ಅದಕ್ಕೆ?"

"ನಾನೇನೂ ಮಾಡಿಲ್ಲ ಸಾರ್. ತಳ್ದೆ, ಅಷ್ಟೇ."

"ತಳ್ಳಿದ್ರೆ ಯಾಕ್ಲಾ ಒಡೀತದೆ? ನೀನು ಚಡ್ಡಿ ಹಾಕ್ಕೊಂಡು ಓಡಾಡೋ ಕಾಲದಿಂದ ತಳ್ತಾ ಇವ್ನಿ, ಒಂದಾದ್ರೂ ಒಡ್ದೈತಾ? ನಿನ್ ಕೋಡಲ್ಲಿ ಎಲ್ಲೋ ಆಟ ಆಡಿದ್ದೀಯ. ಹೋಗ್ ನೋಡು."

ಹೋಗಿ ನೋಡಿದೆ. ಕಾಲದ ಹೆಜ್ಜೆಯನ್ನು ಚಿಕ್ಕದು ಮಾಡಿದೆ. ಜಾಗದ ಜಾಲರಿಯನ್ನು ಒತ್ತೊತ್ತಾಗಿ ಹೆಣೆದೆ. ಕೋಡನ್ನು ಅಳಿಸಿ ಬೇರೆ ವಿಧಾನದಲ್ಲಿ ಮೊದಲಿಂದ ಬರೆದೆ. ಕಂಪ್ಯೂಟರ್ ಮಿಕ್ಸಿಯ ಹಾಗೆ ಕೂಗಿತು. ಗುಡ್ಡ ಅದೇ ಜಾಗದಲ್ಲಿ, ಅದೇ ರೀತಿ ಒಡೆಯಿತು. ಕೋಡಿನ ತಪ್ಪಾಗಿದ್ದರೆ ಲೆಕ್ಕ ಸೂಕ್ಷ್ಮವಾದಷ್ಟೂ ಒಡೆಯುವುದು ಬದಲಾಗಬೇಕಿತ್ತು. ಇದು ಪ್ರತಿ ಸಲವೂ ಒಂದೇ ಥರ ಒಡೆಯುತ್ತಿದೆ ಅಂದರೆ ನಿಜವಾಗಿಯೇ ಒಡೆಯುತ್ತಿದೆ. ಅಷ್ಟನ್ನು ಸಾರ್‌ಗೆ ಹೇಳಲು ಬಾಯಿ ತೆರೆದೆ. "ಅಂದ್ರೆ ಏನೂ?" ಅಂದರು. ನಾನು ಹೇಳುವ ಮುಂಚೆ ಅವರೇ ಉತ್ತರ ಕೊಟ್ಟರು: "ಅಂದ್ರೆ ನಿಂಗೆ ಸೀರಿಯಸ್‌ನೆಸ್ ಇಲ್ಲ."

ಈ ಸೀರಿಯಸ್‌ನೆಸ್ಸಿನ ಕತೆ ಹೇಳಬೇಕು. ನಾನು ಎಲ್ಲರ ದನಿಯನ್ನೂ ತೆಗೆಯುತ್ತೇನೆ. ಕಂಡಕ್ಟರ್, ಪ್ರಿನ್ಸಿಪಾಲ್, ಅಮ್ಮ, ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಮಾತಾಡುವ ನಾನು, ಯಾರನ್ನೂ ಬಿಟ್ಟಿಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ ಸಾರ್ ಗಂಟಲು ಸರಿಮಾಡಿಕೊಂಡು ಬೋಂಡಾದ ಜೊತೆ ಸಂವಾದ ಮಾಡುವುದನ್ನು ಮಾಡಿ ತೋರಿಸುತ್ತಿದ್ದೆ: "ಬೋಂಡಾ ಅಂದ್ರೆ ಏನೂ? ಬೋಂಡಾ ಅಂದ್ರೆ ಆಲೂಗಡ್ಡೆಯ ಸ್ಥಿರಸ್ಥಿತಿ." ಎಲ್ಲರೂ ನನ್ನ ಹಿಂದಕ್ಕೆ ನೋಡುತ್ತಿದ್ದಾರೆ. ತಿರುಗಿದರೆ ಸಾರ್ ನಿಂತಿದ್ದಾರೆ.

ಅವರು ಬೈಯಲಿಲ್ಲ. ನಕ್ಕರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವತ್ತಿನಿಂದ ಡಿಪಾರ್ಟ್‌ಮೆಂಟಿಗೆ ಯಾರು ಬಂದರೂ ನನ್ನ ಹೆಗಲ ಮೇಲೆ ಕೈ ಹಾಕಿ, "ಇವನು ನಮ್ಮ ಮಿಮಿಕ್ರಿ ಹುಡುಗ. ಮಾಡಪ್ಪಾ, ನನ್ದೇ ಮಾಡು" ಅನ್ನುತ್ತಿದ್ದರು. ಸಾಲಿಟಾನ್ ಮೇಲೆ ಕೆಲಸ ಮಾಡುತ್ತಾನೆ ಅಂತ ಒಂದು ಸಲ, ಒಂದೇ ಒಂದು ಸಲ, ಯಾರಿಗೂ ಹೇಳಲಿಲ್ಲ. ನಾನೂ ಹಲ್ಲು ಬಿಟ್ಟುಕೊಂಡು ಮಾಡುತ್ತಿದ್ದೆ. ಕುಣಿಸಿದರೆ ಕುಣಿಯುವ ಕೋತಿಗಾದರೂ ಬಾಳೆಹಣ್ಣು ಸಿಗುತ್ತದೆ. ನನಗೆ ಸಿಕ್ಕದ್ದು, ಏನೇ ಹೇಳಿದರೂ ತಮಾಷೆ ಅಂದುಕೊಳ್ಳುವ ಒಂದು ಪೂರ್ತಿ ಡಿಪಾರ್ಟ್‌ಮೆಂಟು.

ನಮ್ಮ ಕೋಣೆಯಲ್ಲಿ ಇನ್ನೊಬ್ಬರಿದ್ದರು. ರಾಯಕೋಟೆಯಿಂದ ಬರುವ ಅಕ್ಕ, ನನಗಿಂತ ಸೀನಿಯರ್. ಇಂಥದ್ದೇ ಅನಿಲದ ಮೇಲೆ ಥೀಸಿಸ್ ಮುಗಿಸಿ, ನಮ್ಮ ಕಾಲೇಜಿನಲ್ಲೇ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದರು. ಅದೇ "ತಳ್ಳು" ಹಾಕಿದ ಅವರ ಸಾಲಿಟಾನುಗಳು ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವರ ಹಾಗೆ ಆರಾಮವಾಗಿ ಓಡಿದ್ದವು. ಚಿತ್ರಗಳು ಜರ್ನಲ್ಲಿನಲ್ಲೂ ಬಂದಿದ್ದವು. ಒಡೆದ ಗುಡ್ಡ ಹಿಡಿದುಕೊಂಡು ಅವರ ಹತ್ತಿರ ಹೋದೆ.

"ಕಪ್ಲಿಂಗ್ ಕಮ್ಮಿ ಮಾಡ್ಕೊಳೋ" ಅಂದರು, ನನ್ನ ಕಡೆ ನೋಡದೆ. "ಒಂಚೂರೇ ಇಟ್ಕೋ. ಓಡ್ತದೆ."

"ಜಾಸ್ತಿ ಮಾಡಿದ್ರೆ ಯಾಕಕ್ಕಾ ಒಡೀತದೆ?"

"ಒಡಿಯೋದು ನಿಂಗ್ಯಾಕೆ ಬೇಕು? ಓಡೋದು ತೋರ್ಸು, ಬರ್ಕೋ, ಹೋಗು. ಸುಮ್ನೆ ಗೋಡೆಗೆ ತಲೆ ಚಚ್ಕೋಬೇಡ."

ನನಗೆ ಬೇಕಿತ್ತು. ಒಡೆಯುವುದೇ ಬೇಕಿತ್ತು. ಗಂಟು ಬಿಗಿದಷ್ಟೂ ಬೇಗ ಒಡೆಯುತ್ತದೆ ಅಂದರೆ ತಪ್ಪು ಗಂಟಿಗೂ ತಳ್ಳುವುದಕ್ಕೂ ನಡುವೆ ಎಲ್ಲೋ ಇದೆ. "ತಳ್ಳು" ಒಳಗೆ ಕೈ ಹಾಕಿದೆ. ಅದರಲ್ಲಿ ಒಂದೂ ದೋಷವಿರಲಿಲ್ಲ. ಅಚ್ಚುಕಟ್ಟಾದ, ಹಳೇ ಕಾಲದ, ಮುದ್ದಾದ ಕೋಡು. ಅದನ್ನು ನೋಡಿ ಇನ್ನೂ ಸಿಟ್ಟು ಬಂತು.

ಆಮೇಲೆ ಕಂಪ್ಯೂಟರ್ ಮುಚ್ಚಿಟ್ಟು ಪೆನ್ನು ಹಿಡಿದೆ. ಮನೆಯಲ್ಲಿ ಊಟದ ಹೊತ್ತಿಗೆ ಮೇಜು ಖಾಲಿ ಮಾಡಲಿಲ್ಲ ಅಂತ ಅಪ್ಪ ರೇಗಿದರು, ಅಮ್ಮ ಮುದ್ದೆಯ ತಟ್ಟೆಯನ್ನು ಹಾಳೆಗಳ ಮೇಲೇ ಇಟ್ಟಳು. ಓಡುವ ಸಾಲಿಟಾನಿನ ಜೊತೆ ನಾನೂ ಓಡುತ್ತಾ ನೋಡಿದರೆ ಸಮೀಕರಣ ಹೇಗೆ ಕಾಣುತ್ತದೆ ಅನ್ನುವುದು ಲೆಕ್ಕ. ಸಾದಾ ಅನಿಲವಾದರೆ ಅದು ನಿಂತು ನೋಡಿದ ಹಾಗೇ ಕಾಣಬೇಕು. ಇಲ್ಲಿ ಕಾಣಲಿಲ್ಲ. ಸಮೀಕರಣದಲ್ಲಿ ಒಂದು ಹೊಸ ಪದ, ಟರ್ಮ್ ಅಂತಾರಲ್ಲ ಅದು, ಬಂದು ಕೂತಿತು: ವೇಗವನ್ನು ಕಪ್ಲಿಂಗಿನಿಂದ ಗುಣಿಸಿ, ಅದರ ಪಕ್ಕದಲ್ಲಿ ಸ್ಪಿನ್. ಕಾರಣ ಸರಳ. ಆ ಲೇಸರುಗಳನ್ನು ಯಾರೋ ನೆಲಕ್ಕೆ ಬಿಗಿದು ಕೂರಿಸಿದ್ದಾರೆ, ಅವು ಸಾಲಿಟಾನಿನ ಜೊತೆ ಓಡುವುದಿಲ್ಲ. ಹಾಗಾಗಿ ಓಡುತ್ತಾ ನೋಡುವುದೂ ನಿಂತು ನೋಡುವುದೂ ಇಲ್ಲಿ ಒಂದೇ ಅಲ್ಲ. ಓಡುವ ಸಾಲಿಟಾನಿಗೆ ಎರಡು ಸ್ಪಿನ್ ಸಮಪಾಲಿನಲ್ಲಿ ಇರಲಾಗದು. ವೇಗ ಎಷ್ಟೋ ಅಷ್ಟು ಒಂದು ಕಡೆ ವಾಲಬೇಕು. ಒಂದೊಂದು ವೇಗಕ್ಕೂ ಒಂದೊಂದು ಬೇರೆ ಸಾಲಿಟಾನ್. ನಿಂತಿದ್ದನ್ನು ತಳ್ಳಿ ಓಡಿಸುವ ಹಾಗೇ ಇಲ್ಲ, ಓಡುವುದನ್ನು ಓಡುವುದಾಗಿಯೇ ಹುಡುಕಬೇಕು.

ಹಾಗೆ ಹುಡುಕಿದೆ. ಸಿಕ್ಕಿತು. ಒಂದು ಕಡೆ ವಾಲಿದ ಗುಡ್ಡ ಪರದೆಯ ಈ ತುದಿಯಿಂದ ಆ ತುದಿಗೆ ಹೋಯಿತು, ಮತ್ತೆ ಸುತ್ತಿ ಬಂತು, ಮತ್ತೆ ಹೋಯಿತು. ಕಪ್ಲಿಂಗ್ ಜಾಸ್ತಿ ಮಾಡಿದರೂ ನಡುಗಲಿಲ್ಲ. ಕೋಣೆಯಲ್ಲಿ ಒಬ್ಬನೇ ಇದ್ದೆ. ಯಾರ ದನಿಯಲ್ಲೂ ಕೂಗಬೇಕು ಅನ್ನಿಸಲಿಲ್ಲ.

ಸಾರ್ ಅದನ್ನು ತುಂಬ ಹೊತ್ತು ನೋಡಿದರು. ಗಂಟಲು ಸರಿಮಾಡಿಕೊಂಡರು, "ಅಂದ್ರೆ ಏನೂ" ಬರಲಿಲ್ಲ. ಅರ್ಥವಾಗಿದೆ ಅಂತ ನನಗೆ ಗೊತ್ತಾಯಿತು. ಅವರು ದಡ್ಡರಲ್ಲ, ದಡ್ಡರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ಇದು ಬ್ಯಾಡ" ಅಂದರು.

"ಯಾಕ್ ಸಾರ್?"

"ನಿನ್ ಅಕ್ಕನ ಥೀಸಿಸ್ ಬೈಂಡ್ ಆಗಿ ಲೈಬ್ರರೀಲಿ ಕೂತೈತೆ. ಕಾಯಂ ಕೆಲಸಕ್ಕೆ ಇಂಟರ್‌ವ್ಯೂ ಬರ್ತಾ ಐತೆ ಅವಳ್ಗೆ. ನೀನು ತಳ್ಳೋದೇ ತಪ್ಪು ಅಂತ ಬರೆದ್ರೆ ಅವಳ್ದೇನಾಯ್ತದೆ? ನನ್ದೇನಾಯ್ತದೆ? ಒಡಿಯೋ ಚಿತ್ರ ಒಂದು ಹಾಕು, 'ಲೆಕ್ಕದ ದೋಷದಿಂದ ಒಡೆದಿದೆ' ಅಂತ ಒಂದು ಸಾಲು ಬರಿ. ವಾಲೋದನ್ನ ತೆಗ್ದಾಕು. ಸಿನಾಪ್ಸಿಸ್‌ಗೆ ಸೈನ್ ಹಾಕ್ತೀನಿ."

"ದೋಷ ಇಲ್ಲ ಸಾರ್ ಅದ್ರಲ್ಲಿ."

"ಹಂಗಾದ್ರೆ ಸೈನೂ ಇಲ್ಲ ಕಣ್ಲಾ."

ಸಿನಾಪ್ಸಿಸ್ ಅಂದರೆ ಥೀಸಿಸ್ಸಿಗೆ ಮುಂಚೆ ಯೂನಿವರ್ಸಿಟಿಗೆ ಕಳಿಸುವ ಅದರ ಸಾರಾಂಶ; ಗೈಡಿನ ಸಹಿ ಇಲ್ಲದೆ ಅದು ಹೋಗುವುದಿಲ್ಲ, ಸಿನಾಪ್ಸಿಸ್ ಹೋಗದೆ ಥೀಸಿಸ್ ಇಲ್ಲ. ನನಗೆ ಕೊಟ್ಟಿದ್ದ ಗಡುವೂ ತೀರುತ್ತಾ ಬಂದಿತ್ತು. ನನ್ನ ಅಧ್ಯಾಯ ಉಳಿಯಬೇಕಾದರೆ ಥೀಸಿಸ್ ಹೋಗಬೇಕು, ಥೀಸಿಸ್ ಉಳಿಯಬೇಕಾದರೆ ನಿಜವಾಗಿ ನಡೆದದ್ದನ್ನು ತಪ್ಪು ಅಂತ ನನ್ನ ಕೈಯಾರೆ ಬರೆಯಬೇಕು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಒಂದು ಸಾಲು ತಾನೇ, ಬರ್ದಾಕ್ಬುಡಪ್ಪ" ಅಂದಳು. ಬರೆದೆ. ಆ ಸಾಲು ಬರೆದ ಬೆರಳನ್ನು ಬಾಗಿಲ ಸಂದಿಗೆ ಇಟ್ಟು ಜಜ್ಜಿಕೊಳ್ಳುವಷ್ಟು ಉರಿಯಿತು.

ಸಿನಾಪ್ಸಿಸ್‌ಗೆ ಮುಂಚೆ ಡಿಪಾರ್ಟ್‌ಮೆಂಟಿನಲ್ಲಿ ಒಂದು ಸೆಮಿನಾರ್ ಕೊಡಬೇಕು, ಅದು ನಿಯಮ. ಹೊರಗಿನ ಊರಿಂದ, ನನ್ನ ಸಂಶೋಧನೆಯನ್ನು ಪರಿಶೀಲಿಸುವ ಕಮಿಟಿಯ ಮೇಡಂ ಬಂದಿದ್ದರು. ಸಾರ್ ಮುಂದಿನ ಸಾಲಿನಲ್ಲಿ, ಅಕ್ಕ ಕಿಟಕಿಯ ಪಕ್ಕದಲ್ಲಿ, ಹಿಂದೆ ಎಂ.ಎಸ್ಸಿ. ಹುಡುಗ ಹುಡುಗಿಯರು, ಅವರೆಲ್ಲ ಬಂದದ್ದು ನಾನು ಏನಾದರೂ ಮಾಡಿ ನಗಿಸುತ್ತೇನೆ ಅಂತ. ನಾನು ಸತ್ತವರ ಮನೆಗೆ ಬಂದವನ ಹಾಗೆ ಸ್ಲೈಡು ಓದಿದೆ. ಒಡೆದ ಗುಡ್ಡದ ಚಿತ್ರ ಬಂತು. ಲೆಕ್ಕದ ದೋಷದಿಂದ, ಅಂದೆ.

ಮೇಡಂ ತಮಿಳಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. "ದೋಷ ಅಂತ ಹೇಗೆ ಗೊತ್ತಾಯಿತು? ಹೆಜ್ಜೆ ಚಿಕ್ಕದು ಮಾಡಿ ನೋಡಿದಿರಾ?"

"ನೋಡಿದೆ ಮೇಡಂ."

"ಆಗ ಸರಿಹೋಯಿತಾ?"

ಬಾಯಿ ತೆರೆದೆ. ಸಾರ್ ಎದ್ದು ನಿಂತು, ನಗುನಗುತ್ತಾ, ನನ್ನ ಹೆಗಲ ಮೇಲೆ ಕೈ ಹಾಕಿದರು. "ಅದಿರಲಿ ಮೇಡಂ. ನಮ್ಮ ಹುಡುಗ ಮಿಮಿಕ್ರಿ ಬಹಳ ಚೆನ್ನಾಗಿ ಮಾಡುತ್ತಾನೆ. ಟೀ ಬರಲಿ, ಆಮೇಲೆ ಮಾಡಿಸುತ್ತೇನೆ."

ಆ ಕೈ. ಆ ಕೈಯ ಭಾರ ಇವತ್ತಿಗೂ ಹೆಗಲ ಮೇಲಿದೆ.

"ಆಮೇಲೆ ಯಾಕ್ ಸಾರ್" ಅಂದೆ. "ಈಗಲೇ ಮಾಡ್ತೀನಿ, ಕೂತ್ಕೊಳಿ. ನಿಮ್ದೇ ಮಾಡ್ತೀನಿ."

ಹಿಂದಿನ ಸಾಲು ಚಪ್ಪಾಳೆ ಹೊಡೆಯಿತು. ಮೊದಲು ಹೊಸೂರು ಟೀ ಅಂಗಡಿಯಲ್ಲಿ ಕೂತ ಸಾರ್. ಅರ್ಧ ಕನ್ನಡ, ಅರ್ಧ ತಮಿಳು, ಒಂದು ಗುಟುಕಿಗೆ ಒಂದು ಭಾಷೆ: "ಏನಪ್ಪಾ ಟೀ ಇಷ್ಟು ತಣ್ಣಗೈತೆ, ಸೂಡಾ ಒಣ್ಣು ಕೊಡಪ್ಪಾ." ಆಮೇಲೆ ಕೃಷ್ಣಗಿರಿ ಬಸ್ಸು ಹತ್ತಿದ ಸಾರ್. ಶೂಳಗಿರಿ ದಾಟುವಷ್ಟರಲ್ಲಿ ಕನ್ನಡ ಇಳಿದುಹೋಗಿ ಪೂರ್ತಿ ತಮಿಳು, ಗಂಟಲು ಸರಿಮಾಡಿಕೊಳ್ಳುವುದೂ ತಮಿಳಿನಲ್ಲೇ. ಆಮೇಲೆ ಬೆಂಗಳೂರು ಬಸ್ಸು ಹತ್ತಿದ ಸಾರ್. ಅತ್ತಿಬೆಲೆ ಗಡಿ ಬಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿ, "ಸ್ವಲ್ಪ ಸರಿದು ಕುಳಿತುಕೊಳ್ಳುವಿರಾ ಸ್ವಾಮಿ?" ಸೆಮಿನಾರ್ ಹಾಲೆಲ್ಲ ನಗು. ಮೇಡಂ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾರ್‌ಗೂ ನಗು ತಡೆಯಲಾಗಲಿಲ್ಲ.

"ನಕ್ಕಿದ್ದು ಮುಗೀತಾ?" ಅಂದೆ. ಈ ಸಲ ನನ್ನದೇ ದನಿಯಲ್ಲಿ. "ಟೀ ಅಂಗಡಿ ಸಾರನ್ನ ಅರ್ಧಂಬರ್ಧ ಹಂಗೇ ಎತ್ತಿ ಕೃಷ್ಣಗಿರಿ ಬಸ್ಸಿಗೆ ತಳ್ಳಿದ್ರೆ ಏನಾಯ್ತದೆ? ಕಂಡಕ್ಟರ್‌ಗೆ ಅರ್ಧ ಅರ್ಥ ಆಗಲ್ಲ, ಜಗಳ ಆಯ್ತದೆ, ಸಾರ್‌ನ ಮಧ್ಯದಾರೀಲಿ ಇಳಿಸ್ತಾರೆ. ಯಾವ ಕಡೆ ಹೋಗ್ತೀವಿ ಅನ್ನೋದರ ಮೇಲೆ ನಾಲಿಗೆ ವಾಲ್ತದೆ ಸಾರ್. ಬಸ್ಸಲ್ಲಿರೋ ಸಾರ್ ಬೇಕಾದ್ರೆ ಬಸ್ಸಲ್ಲೇ ಹುಡುಕ್ಬೇಕು. ಟೀ ಅಂಗಡೀಲಿರೋರ್ನ ತಳ್ಳಿದ್ರೆ ಆಗಲ್ಲ. ನಂದು ಲೆಕ್ಕದ ದೋಷ ಅಲ್ಲ. ಈ ಸಾಲು ಸುಳ್ಳು."

ಮೇಡಂಗೆ ತಮಿಳಿನಲ್ಲಿ ಎರಡೇ ಮಾತಲ್ಲಿ ಹೇಳಿ, ಬೋರ್ಡಿನ ಮೇಲೆ ಆ ಪದ ಬರೆದೆ: ವೇಗ, ಕಪ್ಲಿಂಗ್, ಸ್ಪಿನ್. ಬರೆಯುವಾಗ ಚಾಕ್‌ಪೀಸ್ ಎರಡು ಸಲ ಮುರಿಯಿತು. ಹಿಂದಿನ ಸಾಲಿನಲ್ಲಿ ಇನ್ನೂ ಯಾರೋ ಕಿಸಕ್ಕೆಂದರು, ಇದೂ ಐಟಮ್ಮೇ ಅಂತ.

ಮೇಡಂ ಮಾತ್ರ ನಗುತ್ತಿರಲಿಲ್ಲ. "ವೇಗ ಸೊನ್ನೆ ಆದರೆ?"

"ಆ ಪದ ಹೋಗುತ್ತದೆ. ಎರಡು ಸ್ಪಿನ್ನೂ ಸಮ."

"ಕಪ್ಲಿಂಗ್ ಸೊನ್ನೆ ಆದರೆ?"

"ಆಗ ನಮ್ಮ ಸಾರ್ ತಳ್ಳೋದೇ ಸರಿ."

"ಕಪ್ಲಿಂಗ್ ತೀರಾ ಕಮ್ಮಿ ಇದ್ದರೆ?"

"ನಿಧಾನವಾಗಿ ಕೆಡುತ್ತದೆ ಮೇಡಂ. ಕೆಡುವುದಂತೂ ಕೆಡುತ್ತದೆ."

ಸಾರ್ ಎದ್ದರು. ನಗು ಹೋಗಿತ್ತು. "ಇಲ್ಲ ಮೇಡಂ. ಇವನು ಬಾಯಿಗೆ ಬಂದದ್ದು ಹೇಳುತ್ತಾನೆ. ಕಮ್ಮಿ ಕಪ್ಲಿಂಗಿನಲ್ಲಿ ನಮ್ಮದೇ ವಿದ್ಯಾರ್ಥಿನಿ ಮಾಡಿದ ಕೆಲಸ ಪ್ರಕಟವಾಗಿದೆ. ಕೆಟ್ಟಿಲ್ಲ. ಇಲ್ಲೇ ಇದ್ದಾಳೆ, ಕೇಳಿ."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಅಕ್ಕ ಎದ್ದು ನಿಂತರು. ಬೋರ್ಡನ್ನು ನೋಡಿದರು. ಮೇಡಂಗೆ ಹೇಳಬೇಕಾದದ್ದನ್ನು ಸಾರ್‌ಗೆ ಹೇಳಿದರು, ಕನ್ನಡದಲ್ಲೇ.

"ಕೆಡ್ತದೆ ಸಾರ್. ನಾನು ನೋಡಿದ್ದೆ. ನಡುಗೋಕೆ ಶುರುವಾಗೋ ಮುಂಚೆ ಗ್ರಾಫ್ ಅಲ್ಲಿಗೇ ನಿಲ್ಸ್‌ಬುಟ್ಟೆ. ಮುಂದಕ್ಕೆ ಓಡ್ಸಿದ್ರೆ ಒಡೀತದೆ."

ಕನ್ನಡ ಬಾರದ ಮೇಡಂಗೂ ಅದು ಅರ್ಥವಾಯಿತು. ಯಾರೂ ತರ್ಜುಮೆ ಮಾಡಲಿಲ್ಲ. ಟೀ ಬಂತು, ಕುಡಿದವರು ಹಿಂದಿನ ಸಾಲಿನವರು ಮಾತ್ರ.

ಮೇಡಂ ಹೊರಡುವ ಮುಂಚೆ ತಮ್ಮ ಅಭಿಪ್ರಾಯ ಬರೆದರು: ವಾಲುವ ಸಾಲಿಟಾನಿನ ಅಧ್ಯಾಯ ಇರಲೇಬೇಕು. ಸಾರ್ ನನ್ನನ್ನು ಕೋಣೆಗೆ ಕರೆದು ಸಿನಾಪ್ಸಿಸ್ಸಿಗೆ ಸಹಿ ಹಾಕಿದರು. ಬೈಯಲಿಲ್ಲ, ಚೆನ್ನಾಗಿದೆ ಅನ್ನಲಿಲ್ಲ, ತಪ್ಪಾಯಿತು ಅನ್ನಲಿಲ್ಲ. ಒಂದು ಮಾತು. ಒಂದೇ ಒಂದು ಮಾತಿಗೆ ನಿಂತಿದ್ದೆ. ಪೆನ್ನಿನ ಕ್ಯಾಪು ಹಾಕಿ ಕಿಟಕಿಯ ಕಡೆ ತಿರುಗಿದರು. ಗೆದ್ದು ಬಂದವನಿಗೆ ಆಗಬೇಕಾದ ಖುಷಿ ಎಲ್ಲಿ ಬಿದ್ದುಹೋಯಿತೋ.

ಸಂಜೆ ಬಸ್ ಸ್ಟಾಪಿನಲ್ಲಿ ಅಕ್ಕ ನಿಂತಿದ್ದರು. ಸುಮ್ಮನೆ ಹೋಗಿಬಿಡಬೇಕು ಅಂದುಕೊಂಡೆ, ಆಗಲಿಲ್ಲ.

"ನಿಂಗೆ ಗೊತ್ತಿತ್ತಲ್ಲಕ್ಕಾ! ಒಂದ್ ವರ್ಷ ನನ್ನ ಬೇಯಕ್ ಬಿಟ್ಟು ಪಕ್ಕದಲ್ಲೇ ಕೂತ್ಕೊಂಡು ಬುತ್ತಿ ತಿಂದ್ಯಲ್ಲ! ಗೋಡೆಗೆ ತಲೆ ಚಚ್ಕೋಬೇಡ ಅಂದೆ, ಆ ಗೋಡೆ ಕಟ್ಟಿದ್ದೇ ನೀನಲ್ವಾ?"

ಅವರು ಕ್ಷಮೆ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ನನಗಿಂತ ಜೋರಾಗಿ ತಿರುಗಿಬಿದ್ದರು.

"ನೀನು ಯಾವತ್ತು ಕಣೋ ನೆಟ್ಟಗೆ ಕೇಳ್ದೆ? ಬಂದಾಗೆಲ್ಲ ಏನ್ ಮಾಡ್ತಿದ್ದೆ? 'ಅಕ್ಕಾ, ಯಾಕಕ್ಕಾ ಒಡೀತದೆ' ಅಂತ ನನ್ ದನೀಲೇ ನನ್ನ ಕೇಳ್ತಿದ್ದೆ! ರಾಯಕೋಟೆ ಟೊಮ್ಯಾಟೊ ಮಂಡಿ ದನಿ ಅಂತ ಎಲ್ಲಾರ ಮುಂದೆ ಮಾಡಿ ತೋರ್ಸಿದ್ಯಲ್ಲ, ನಿನ್ ಮುಂದೆ ನನ್ ತಪ್ಪು ಬಾಯ್ಬಿಟ್ಟು ಹೇಳ್ಕೋಬೇಕಿತ್ತಾ? ನಾಳೆ ಬೆಳಿಗ್ಗೆ ಅದೂ ಕ್ಯಾಂಟೀನಲ್ಲಿ ಬರ್ತಿತ್ತು, ಬೋಂಡಾ ಜೊತೆ!"

ಹೇಳಿದ್ದು ನಿಜವೇ. ಆದ್ದರಿಂದ ಇನ್ನೂ ಸಿಟ್ಟು ಬಂತು. ರಾಯಕೋಟೆ ಬಸ್ಸು ಬಂತು, ಅವರು ಹತ್ತಿದರು. ಕಿಟಕಿಯಿಂದ ಬಗ್ಗಿ, "ಜರ್ನಲ್‌ಗೆ ತಿದ್ದುಪಡಿ ಬರೀಬೇಕು ನಾನು. ಇಂಟರ್‌ವ್ಯೂ ಮುಂಚೆ. ನಿನ್ ಕೋಡ್ ಕಳ್ಸು" ಅಂದರು. ಬಸ್ಸು ಹೊರಟಿತು.

ಕಳಿಸಿದೆ. ಆದರೆ ಕಳಿಸುವ ಮುಂಚೆ ಒಂದು ಕೆಲಸ ಮಾಡಿದೆ. ಕೋಡಿನಲ್ಲಿ ಪ್ರತಿ ಸಾಲಿನ ಪಕ್ಕ, ಇದು ಏನು, ಯಾಕೆ ಅಂತ ಓದುವವರಿಗೆ ಅನುಕೂಲವಾಗಲಿ ಅಂತ ಬರೆದಿಡುವ ಟಿಪ್ಪಣಿಗಳಿರುತ್ತವೆ. ಅವನ್ನು ಒಂದೊಂದಾಗಿ, ಬಿಡದೆ, ಎಲ್ಲವನ್ನೂ ಅಳಿಸಿದೆ. ಬೆತ್ತಲೆ ಕೋಡು. ನನಗೇ ಒಂದು ತಿಂಗಳು ಬಿಟ್ಟು ನೋಡಿದರೆ ಅರ್ಥವಾಗದಂಥದ್ದು. ಹೋಗು, ತಲೆ ಚಚ್ಕೋ ಅಂದುಕೊಂಡು ಕಳಿಸಿದೆ.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೇ ಯಾರು ಅಂತ ಗೊತ್ತಾಯಿತು. ಅಮ್ಮ ಬಾಗಿಲು ತೆಗೆದಳು. ಅಕ್ಕ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಒಳಗೆ ಬಂದು, ನಮ್ಮ ಊಟದ ಮೇಜಿನ ಮೇಲೆ ಇಟ್ಟು, ತೆರೆದು, ಕುರ್ಚಿ ಎಳೆದುಕೊಂಡರು.

"ಟಿಪ್ಪಣಿ ತೆಗ್ದಿದ್ದೀಯ."

"ಇರ್ಲಿಲ್ಲ."

"ಸುಳ್ಳು ಹೇಳ್ಬೇಡ ಕಣೋ. ಸಾಲು ಸಾಲಿಗೂ ಖಾಲಿ ಜಾಗ ಐತೆ. ಅಳ್ಸೋಕೂ ಸೋಂಬೇರಿ ನೀನು. ಕೂತ್ಕೋ."

ಕೂತೆ. ಅವರು ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಹೇಳಿದೆ, ಮುಖ ಗಂಟು ಹಾಕಿಕೊಂಡೇ. ಅವರೂ ಮುಖ ಗಂಟು ಹಾಕಿಕೊಂಡೇ ಅದನ್ನು ತಮ್ಮ ಮಾತಿನಲ್ಲಿ ಪಕ್ಕದಲ್ಲಿ ಬರೆದರು. ಎರಡನೆಯ ಸಾಲು. ಮೂರನೆಯದು. ನಡುವೆ ಒಂದು ಕಡೆ ನನ್ನ ತಪ್ಪೊಂದನ್ನು ಹಿಡಿದರು, ಸಣ್ಣದು, ಫಲಿತಾಂಶ ಕೆಡಿಸುವಂಥದ್ದಲ್ಲ. ಆದರೂ ಹಿಡಿದ ಖುಷಿಗೆ ಮೇಜು ಕುಟ್ಟಿದರು. ನಾನು ಅದನ್ನು ತಪ್ಪಲ್ಲ ಅಂತ ಸಾಧಿಸಿದೆ. ಇಬ್ಬರ ದನಿಯೂ ಏರಿ ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲಿಂದ ಇಣುಕಿ, "ಏಮಯ್ಯಿಂದಿ?" ಅಂದರು. ಅಮ್ಮ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು: "ಏನಿಲ್ಲ ಕಣಮ್ಮ, ಓದ್ತಾ ಅವ್ರೆ."

ಆ ಸಾಲನ್ನು ತಿದ್ದಿದೆ. ಅಕ್ಕ ಮುಂದಿನದರ ಮೇಲೆ ಬೆರಳಿಟ್ಟರು. ಅದು ವೇಗ, ಕಪ್ಲಿಂಗ್, ಸ್ಪಿನ್ ಇರುವ ಸಾಲು.

"ಇದನ್ನ ನಾನೇ ಹೇಳ್ತೀನಿ" ಅಂದರು. "ನೀನು ಬಾಯ್ ಮುಚ್ಕೊಂಡು ಕೇಳು."